ಹುಡುಗನಿಲ್ಲದ ಮದುವೆಗೆ ಅಪ್ಪನ ಓಟು

ನವೆಂಬರ್ ೧೨, ಮಂಗಳವಾರ

ನಾವೆಲ್ಲ 'ಅಕ್ಕ' ಅಂತ ಕರೆಯೋ ಗಾಯಕಿಯ ಫ್ಯಾನ್ಸ್ ಗ್ರೂಪಿಗೆ ಹಾಕಬೇಕಿದ್ದ ಓಟಿನ ಪೋಲ್ ಮನೆಯವರ ಗ್ರೂಪಿಗೆ ಹೋಗಿಬಿಟ್ಟಿದೆ. "ನನ್ನ ಮದುವೇಲಿ ನಾನು ಹಾಲ್ ಒಳಗೆ ಬರುವಾಗ ಅಕ್ಕನ ಯಾವ ಹಾಡು ಇರ್ಬೇಕು?" ಕೆಳಗೆ ಆರಿಸೋಕೆ ಮೂರು ಹಾಡು.

ಫ್ಯಾನ್ಸಿಗೆ ಗೊತ್ತು, ಕನಸಿನ ಮದುವೆ ಕಟ್ಟೋದು ನಮ್ಮ ದಿನನಿತ್ಯದ ಆಟ. ನನ್ನ ಮದುವೆಗೆ ಹಳದಿ ದೀಪ, ಬಿಳಿ ಹೂವು ಎಲ್ಲಾ ರೆಡಿ. ಹುಡುಗ ಮಾತ್ರ ಇಲ್ಲ.

ಅಳಿಸುವಷ್ಟರಲ್ಲಿ ಚಿಕ್ಕಮ್ಮನ ಫೋನ್. "ಏನೇ ಕಳ್ಳಿ, ಗುಟ್ಟಾಗಿ ಗೊತ್ತು ಮಾಡ್ಕೊಂಡ್ಯಾ?"

"ಅಯ್ಯೋ, ಹುಡುಗನೇ ಇಲ್ಲ ಚಿಕ್ಕಮ್ಮ!"

"ಮತ್ತೆ ಹಾಡು ಯಾಕೆ? ಕೂಸು ಹುಟ್ಟೋಕ್ ಮುಂಚೆ ಕುಲಾವಿನಾ?"

ನಗುತ್ತಲೇ ಪೋಲ್ ತೆರೆದೆ. ಒಂದೇ ಒಂದು ಓಟು, ಅಪ್ಪನದು. ಅಮ್ಮನೊಂದಿಗೆ ಜಗಳವಾಡಿ ಬೇರೆ ಮನೆ ಮಾಡಿದ ಮೇಲೆ ಆ ಗ್ರೂಪಿನಲ್ಲಿ ತುಟಿ ಬಿಚ್ಚದ ಅಪ್ಪ! ನನಗೊಬ್ಬಳಿಗೇ ಮೆಸೇಜೂ ಬಂದಿದೆ: "ಎರಡನೇ ಹಾಡು ನಿಧಾನ ಇದೆ ಕಣಮ್ಮ, ನನ್ನ ಮಂಡಿಗೆ ಸರಿಹೋಗುತ್ತೆ. ನಿನ್ ಜೊತೆ ನಾನೇ ತಾನೇ ನಡ್ಕೊಂಡು ಬರೋದು? ನಿಮ್ಮಮ್ಮ ಬೇಡ ಅಂದ್ರೆ ಹಿಂದೆ ನಿಂತ್ಕೋತೀನಿ."

ಎಲ್ಲಾ ಆಟ ಅಂದರೆ ಮತ್ತೆ ಮೌನವಾಗಿಬಿಡುತ್ತಾರೆ. ದೀಪ, ಹೂವಿಗೆಲ್ಲ ಜಾಗ ಇಟ್ಟಿದ್ದೆ. ಅಪ್ಪ ಎಲ್ಲಿ ನಿಲ್ಲಬೇಕು ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಪೋಲ್ ಅಳಿಸಲು ಕೈ ಬರುತ್ತಿಲ್ಲ.

ಅಪ್ಪನ ಓಟನ್ನು ಅಮ್ಮನೂ ನೋಡಿದ್ದಾಳೆ. ಬೇಗ ಊಟ ಮುಗಿಸಿ ಕೋಣೆ ಸೇರಿಕೊಂಡಳು. ಈಗ ಅವಳ ಕೋಣೆಯಿಂದ ಎರಡನೇ ಹಾಡು ಸಣ್ಣಗೆ ಕೇಳಿಸುತ್ತಿದೆ. ಮುಗಿಯಿತು. ಇಲ್ಲ, ಮತ್ತೆ ಹಾಕಿದಳು. ಕೋಪಕ್ಕೋ, ಅಥವಾ ಅಪ್ಪ ಆರಿಸಿದ ಹಾಡು ಅಂತಲೋ?