ಕಡಲೆ ಬೇರಿನ ಕೆಂಪು

ನವೆಂಬರ್ 3
ದೊಡ್ಡಪ್ಪ ಹಿತ್ತಲಿಗೆ ಸಿಮೆಂಟ್ ಹಾಕಿಸುತ್ತಾರಂತೆ. ಸ್ಕೂಟರ್ ನಿಲ್ಲಿಸಲು. ಇದು ಅನ್ಯಾಯ. ಮಣ್ಣಿನ ಬಾಯಿ ಮುಚ್ಚುವ ಹಕ್ಕು ಯಾರಿಗೂ ಇಲ್ಲ — ಎದುರಿಗೇ ಹೇಳಿದೆ.
"ಅಲ್ಲಿ ಹುಲ್ಲೂ ಹುಟ್ಟಲ್ಲ ಕಣೇ, ಕರಪತ್ರ!" ನನ್ನ ಮಾತು ಕರಪತ್ರ ಓದಿದ ಹಾಗಿರುತ್ತದಂತೆ, ನನ್ನನ್ನು ಕರೆಯುವುದೇ ಹಾಗೆ. "ಏನಾದ್ರೂ ಬೆಳೆದು ತೋರ್ಸು, ಬಿಟ್ಬಿಡ್ತೀನಿ. ವರ್ಷದ ಕೊನೆವರೆಗೂ ಟೈಮ್."
ಅಡುಗೆಮನೆ ಡಬ್ಬದಿಂದ ಒಂದು ಹಿಡಿ ಕಡಲೆ ಬಿತ್ತಿದೆ.

ನವೆಂಬರ್ 12
ಮೂವತ್ತೊಂದು ಮೊಳಕೆ! ಬಗ್ಗಿಸಿದ ಕತ್ತಿನಿಂದ ಹೆಂಟೆಯನ್ನೇ ಎತ್ತಿಕೊಂಡು ಬಂದಿವೆ. ಕಚೇರಿಗೆ ತಡವಾಯಿತು. ಆಗಲಿ.

ಡಿಸೆಂಬರ್ 9, ಸಂಜೆ
ಒಂದು ಗಿಡ ಹಳದಿ. ಕಿತ್ತೆ. ಬೇರಿನ ತುಂಬ ಗಂಟು! ತೋಟಗಾರಿಕೆ ಇಲಾಖೆಯ ಕರಪತ್ರದಲ್ಲಿ ಸ್ಪಷ್ಟವಾಗಿದೆ: ಬೇರುಗಂಟು ರೋಗ, ಕಂಡ ಕೂಡಲೇ ಕಿತ್ತುಹಾಕಿ. ಮರುಕಕ್ಕೆ ಇದು ಹೊತ್ತಲ್ಲ. ಒಟ್ಟು ಹದಿನಾಲ್ಕು ಕಿತ್ತೆ. ಎಲ್ಲದರಲ್ಲೂ ಗಂಟು. ಉಳಿದವು ನಾಳೆ.

ಡಿಸೆಂಬರ್ 10
ಸಿಮೆಂಟ್ ಹಾಕಲು ದೊಡ್ಡಪ್ಪ ಗೊತ್ತುಮಾಡಿದ ಗಾರೆ ಕೆಲಸದವರೊಬ್ಬರು ಹಿತ್ತಲು ಅಳೆಯಲು ಬಂದರು. ಕಿತ್ತ ರಾಶಿ ನೋಡಿ ಟೇಪ್ ಕೆಳಗಿಟ್ಟರು.
"ಅಯ್ಯೋ ತಾಯಿ, ಯಾಕೆ ಕಿತ್ರಿ?"
"ರೋಗ."
"ಯಾರು ಹೇಳಿದ್ದು?"
"ಪ್ರಿಂಟಾಗಿದೆ."
"ಪ್ರಿಂಟ್ ಮಾಡಿದೋರು ನಿಮ್ಮ ಗಿಡ ನೋಡಿದ್ರಾ? ನೀರು ಜಾಸ್ತಿಯಾಗಿ ಹಳದಿ ಆಗಿರೋದು."
ಉಗುರಿನಿಂದ ಒಂದು ಗಂಟು ಬಿಡಿಸಿದರು. ಸೀಳಿದರು.
ಒಳಗೆ ಕೆಂಪು. ರಕ್ತ ಕಲಸಿದ ಹಾಗೆ... ಗಿಡದಲ್ಲಿ!
"ಇದು ಅದರ ಒಲೆ. ಗಾಳೀಲಿರೋ ಸಾರ ಹಿಡಿದು ಇಲ್ಲಿ ಗೊಬ್ಬರ ಮಾಡ್ಕೊಳ್ಳತ್ತೆ. ಉಳಿದದ್ದು ಮಣ್ಣಿಗೆ. ನಮ್ಮವ್ವ ಕಡಲೆ ಬೆಳೀತಿದ್ಳು."
ಗಾಳಿಯಿಂದ. ಯಾರನ್ನೂ ಕೇಳದೆ, ಯಾರಿಂದಲೂ ಕಿತ್ತುಕೊಳ್ಳದೆ ಬದುಕುವುದು. ನಾನು ವರ್ಷಗಟ್ಟಲೆ ಓದಿ ಕನಸು ಕಂಡದ್ದನ್ನು ಇದು ಕತ್ತಲಲ್ಲಿ, ಸದ್ದಿಲ್ಲದೆ ಮಾಡುತ್ತಿತ್ತು. ಅಂಥ ಹದಿನಾಲ್ಕು ಒಲೆ ಆರಿಸಿದ್ದೇನೆ.
ಗಾರೆಯವರು ಅಳೆಯಲೇ ಇಲ್ಲ. ಹೋಗುತ್ತಾ ಒಳಗೆ ಕೂಗಿದರು, "ಈ ತಿಂಗಳು ಪುರುಸೊತ್ತಿಲ್ಲ ಯಜಮಾನ್ರೇ!"

ಡಿಸೆಂಬರ್ 27
ಹೂವು. ನಸುನೇರಳೆ. ಹದಿನೇಳು ಗಿಡದಲ್ಲಿ ಒಂದೇ ಒಂದು. ಮಂಡಿಯೂರಿ ನೋಡಿದೆ, ಸೀರೆಗೆಲ್ಲ ಮಣ್ಣು.
ದೊಡ್ಡಪ್ಪನಿಗೆ ಎಲ್ಲ ಹೇಳಿದೆ — ಕಿತ್ತದ್ದನ್ನೂ. ನಗಲಿಲ್ಲ.
"ಗಾಳಿ ತಿನ್ನೋ ಗಿಡಾನಾ? ಬಿಡೇ."
"ಕಣ್ಣಾರೆ ನೋಡಿದೀನಿ ದೊಡ್ಡಪ್ಪ."
"ಹಾಗಾದ್ರೆ ನಂಗೂ ತೋರ್ಸು. ಒಂದು ಗಿಡ ಕೀಳು, ನನ್ನೆದುರಿಗೆ. ಒಂದು ಹೂವನ್ನ ಬೆಳೆ ಅನ್ನಕ್ಕಾಗಲ್ಲ, ಆದ್ರೆ ಒಳಗೆ ಕೆಂಪಿದ್ರೆ ನೆಲ ನಿಂದು."
ಇನ್ನೊಂದನ್ನು ಕೊಲ್ಲಬೇಕು. ಒಪ್ಪಿದೆ. ಯಾವುದನ್ನು? ಅಂಚಿನದು ಚಿಕ್ಕದು... ಹೂವಿನದಂತೂ ಅಲ್ಲ. ದೊಡ್ಡಪ್ಪನೇ ಆರಿಸಲಿ ಎಂದರೆ, ಹೂವಿನದನ್ನೇ ತೋರಿಸಿಬಿಟ್ಟರೆ—
ಕೀಳುವುದು ಭಾನುವಾರ, ಬೆಳಿಗ್ಗೆ ಏಳು ಗಂಟೆ, ಹಿತ್ತಲಲ್ಲಿ.