ನೆಟಿಕೆ ಮುರಿಯದ ಬೇಸಿಗೆ

ಇವಳೇ,

ಮದುವೆಯಾದಾಗಿನಿಂದ ನಿನ್ನನ್ನು ಹೆಸರು ಹಿಡಿದು ಕರೆದವನಲ್ಲ ನಾನು. ಈಗ ಹೊಸದಾಗಿ ಕರೆದರೆ ಬೇರೆ ಯಾರನ್ನೋ ಎಂದುಕೊಂಡು ನೀನು ತಿರುಗದೇ ಹೋದರೆ? ಹಳೆಯದೇ ಇರಲಿ. ಮೊದಲು ತಂಡದ ಸಮಾಚಾರ ಬರೆಯುತ್ತೇನೆ. ನೀನು ಮೊದಲು ಕೇಳುವುದೂ ಅದನ್ನೇ, ನನ್ನ ಬಿಪಿಯನ್ನಲ್ಲ.

ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ನೀನು ಕೆಲಸಕ್ಕಿದ್ದಾಗ ಆಫೀಸಿನವರು ಬೇಸ್‌ಬಾಲ್ ತೋರಿಸಲು ಕರೆದೊಯ್ದ ಶನಿವಾರ ನೆನಪಿದೆಯೇ? ದಾವಣಗೆರೆಯ ಹುಡುಗಿ, ಲಗೋರಿ ಬಿಟ್ಟರೆ ಇನ್ನೊಂದು ಆಟ ಗೊತ್ತಿಲ್ಲ. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ, "ರೀ, ನಿಮ್ಮ ಕ್ರಿಕೆಟ್ ಥರ ಬೆಳಗಿಂದ ಸಂಜೇತನಕ ಆಕಳಿಸ್ಕೊಂಡು ಕೂರೋದಲ್ಲ ಕಣ್ರೀ ಇದು! ಹೊಡಿ, ಓಡು, ಮನೆ ಸೇರು, ಅಷ್ಟೇ" ಎಂದೆ. ಮೆಲ್ಬರ್ನಿಗೆ ಬಂದು ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿದ ಮೇಲಂತೂ ಇಲ್ಲಿನ ಪುಟ್ಟ ತಂಡ ನಿನ್ನ ತವರೇ ಆಯಿತು. ನಾನು ಮಡಚುವ ಕುರ್ಚಿಗಳೆರಡನ್ನು ಹೊರುವ ಆಳು.

ಕೈಲ್ ಮೊದಲ ಸಲ ಮೈದಾನದ ನಡುವಿನ ಮಣ್ಣುದಿಬ್ಬ ಹತ್ತಿದ ಮಧ್ಯಾಹ್ನ ನೀನು ಕೋಡುಬಳೆ ಡಬ್ಬಿ ಮುಚ್ಚಿಟ್ಟು ನೆಟ್ಟಗೆ ಕೂತೆ. ಚೆಂಡೆಸೆಯುವ ಪಿಚರ್‌ಗಳಲ್ಲೆಲ್ಲ ಅವನೇ ಮುಂಚೂಣಿಯವನು. ನೀನು ಅವನಿಗೆ ಕೈಲಾಸ ಎಂದು ಹೆಸರಿಟ್ಟೆ. "ಎಷ್ಟು ಜನರ ಕಣ್ಣು ಬೀಳುತ್ತೋ ಮಗುಗೆ" ಎಂದು ಕೂತಲ್ಲಿಂದಲೇ ಎರಡೂ ಅಂಗೈಗಳನ್ನು ಅವನತ್ತ ನಿವಾಳಿಸಿ, ನಿನ್ನ ಕೆನ್ನೆಯ ಪಕ್ಕ ಮಡಚಿ ಒತ್ತಿ ಬೆರಳುಗಳ ನೆಟಿಕೆ ಮುರಿದೆ. ಲಟಲಟಲಟ! ಮೈದಾನ ಮೌನವಾಗಿತ್ತು, ಸದ್ದು ಅವನಿಗೂ ಕೇಳಿಸಿತು. ತಿರುಗಿ ನೋಡಿ ನಕ್ಕ. ಆಮೇಲೆ ಅದು ವಾಡಿಕೆಯಾಯಿತು: ನೀನು ಬೆರಳು ಮುರಿಯದೆ ಅವನು ಮೊದಲ ಚೆಂಡು ಎಸೆಯುತ್ತಿರಲಿಲ್ಲ. ನಾನೂ ಒಮ್ಮೆ ಮುರಿಯಲು ಹೋದೆ, ಒಂದು ಬೆರಳೂ ಸದ್ದು ಮಾಡಲಿಲ್ಲ. "ಕಟ್ಟಿಗೆ ಬೆರಳು ನಿಮ್ಮವು, ಸುಮ್ನಿರಿ" ಎಂದು ನೀನು ನಕ್ಕಿದ್ದೆ.

ನಿನ್ನನ್ನು ಕಳಿಸಿಕೊಟ್ಟ ಚಳಿಗಾಲದ ಆ ಬೆಳಿಗ್ಗೆಯ ಬಗ್ಗೆ ಬರೆಯುವುದು ಬೇಡವೆಂದುಕೊಂಡಿದ್ದೆ. ಆದರೆ ಬರೆಯದಿದ್ದರೆ ಮುಂದಿನದು... ಶಾಸ್ತ್ರಿಗಳು ಶಾಸ್ತ್ರದಂತೆ ನಿನ್ನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ, ಕೈಯ ಹೆಬ್ಬೆರಳುಗಳನ್ನೂ ಜೋಡಿಸಿ ಬಿಳಿ ದಾರ ಕಟ್ಟಿದರು. ಬೆಂಕಿಗೆ ಕೊಡುವ ಮೊದಲು ಅದನ್ನು ಬಿಚ್ಚಬೇಕು. ಇಲ್ಲಿ ಎಲ್ಲಕ್ಕೂ ಬುಕ್ ಮಾಡಿದ ಸಮಯ. ಹೊರಗೆ ಇನ್ನೊಂದು ಕುಟುಂಬ ಕಾಯುತ್ತಿತ್ತು. ಪೆಟ್ಟಿಗೆಯ ಮುಚ್ಚಳ ಮುಚ್ಚಿತು, ಪರದೆ ಎಳೆದರು. ಕಾರ್ ಪಾರ್ಕಿನಲ್ಲಿ ಶಾಸ್ತ್ರಿಗಳು "ದಾರ ಯಾರು ಬಿಚ್ಚಿದ್ರಿ?" ಎಂದರು. ಮಗಳು ಸ್ಮಿತಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. "ಏನಾಗಲ್ಲ ಬಿಡಿ, ಅಗ್ನಿ ಎಲ್ಲಾನೂ ಬಿಚ್ಚುತ್ತೆ" ಎಂದರು ಅವರು. ಅಂದವರು ತುಂಬಾ ಹೊತ್ತು ತಮ್ಮ ಕಾರು ಹತ್ತಲಿಲ್ಲ.

ಬೇಸಿಗೆ ಬಂದು ಆಟ ಶುರುವಾದ ಭಾನುವಾರ ಕೈ ತಾನಾಗಿ ಎರಡೂ ಕುರ್ಚಿ ಎತ್ತಿಕೊಂಡಿತು. ನಿನ್ನದನ್ನು ಪಕ್ಕದಲ್ಲಿ ಬಿಡಿಸಿಟ್ಟೆ. ಅವತ್ತೇ, ಪಿಚರ್ ಎಸೆದ ಚೆಂಡು ಹಿಡಿಯುವ ಕ್ಯಾಚರ್‌ನ ಬೆರಳು ಮುರಿಯಿತು. ಆಮೇಲಿನ ವಾರ ಮೊದಲ ಬೇಸ್ ಕಾಯುವವನ ಮೊಣಕಾಲು. ದೂರದಲ್ಲಿ ಚೆಂಡು ಹಿಡಿಯುವ ಗಡ್ಡದವನು ಸುಮ್ಮನೆ ನಿಂತಲ್ಲೇ ತೊಡೆ ಹಿಡಿದುಕೊಂಡು ಕುಸಿದ. ಇದೇನು ತಂಡವೋ, ಮೂಳೆ ಆಸ್ಪತ್ರೆಯೋ? ಕೈಲಾಸನಿಗೆ ಪೆಟ್ಟಾಗಲಿಲ್ಲ, ಆದರೆ ಅವನದು ಅದಕ್ಕಿಂತ ಕಷ್ಟ. ಚೆಂಡು ಕೈ ಬಿಡುತ್ತದೆ, ಗುರಿ ಮಾತ್ರ ಇಲ್ಲ. ನಾಲ್ಕು ತಪ್ಪು ಎಸೆದರೆ ಎದುರಾಳಿ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದುಹೋಗುತ್ತಾನಲ್ಲ, ಹಾಗೆ ಇವನು ಸಾಲಾಗಿ ಮೆರವಣಿಗೆಯನ್ನೇ ಕಳಿಸಿದ. ನನಗೆ ಸಿಟ್ಟು ಬಂದು ಕೂಗಿದೆ ಕೂಡ. ಪ್ರತಿ ಎಸೆತಕ್ಕೂ ಮೊದಲು ನಮ್ಮ ಕಡೆ ನೋಡಿ ಕಾಯುತ್ತಿದ್ದ. ನನ್ನನ್ನಲ್ಲ. ನನ್ನ ಪಕ್ಕವನ್ನು.

ಇನ್ನೊಂದು ಮ್ಯಾಚು ಸೋತ ಸಂಜೆ ಸ್ಮಿತಾ ಜೊತೆಗಿದ್ದಳು. ಕ್ರೇಗಿಬರ್ನಿನ ತನ್ನ ಮನೆಯಿಂದ ಬಂದಿದ್ದೇ ನನ್ನನ್ನು ಬೈಯಲು. "ಅಪ್ಪಾ, ದಿಸ್ ಈಸ್ ನಾಟ್ ಹೆಲ್ದಿ. ಖಾಲಿ ಚೇರ್ ಯಾಕೆ ತರ್ತೀರಾ?" ಎನ್ನುತ್ತಿರುವಾಗಲೇ ಕೈಲ್ ಬೇಲಿಯ ಹತ್ತಿರ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾ, "ಮೇಟ್, ಆಂಟಿಗೆ ನನ್ನ ಮೇಲೆ ಕೋಪವಾ?" ಎಂದು ಅವನ ಇಂಗ್ಲಿಷಿನಲ್ಲಿ ಕೇಳಿದ. ಪ್ರತಿ ಮ್ಯಾಚಿಗೂ ಬರುತ್ತಾರೆ, ಆದರೆ ಬೆರಳು ಮುರಿಯುವುದಿಲ್ಲ, ಕೈ ಹೀಗೇ ಇಟ್ಟುಕೊಂಡಿರುತ್ತಾರೆ ಎಂದ. ಎಂದವನು ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ತೋರಿಸಿದ.

ನನ್ನ ಕಾಲೇಜಿನ ಇಂಗ್ಲಿಷಿನಲ್ಲಿ, "ಶೀ ಈಸ್... ನೋ, ಶೀ ವಾಸ್..." ಎಂದೆ. ಯಾವುದು ಸರಿ, ನೀನೇ ಹೇಳು? ಸ್ಮಿತಾ ನನ್ನ ತೋಳು ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ಕಾರಿನಲ್ಲಿ, ಚಿಕ್ಕವಳಾಗಿದ್ದಾಗಿನ ಕನ್ನಡದಲ್ಲಿ, "ಅಪ್ಪಾ, ಅಮ್ಮನ ದಾರ" ಎಂದಳು. ಅಷ್ಟೇ.

ಕೊನೆಯ ಪಂದ್ಯ ಸಿಡ್ನಿಯಲ್ಲಿತ್ತು. ಬೆಳಕು ಹರಿಯುವ ಮೊದಲೇ ನಿನ್ನ ಕುರ್ಚಿಯನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆವು. ದಾರಿಯುದ್ದಕ್ಕೂ ಹಿಂದಿನಿಂದ ಒಂದು ಸದ್ದಿಲ್ಲ. ನೀನಿದ್ದಿದ್ದರೆ "ಕಾಫಿಗೆ ನಿಲ್ಸಿ" ಎನ್ನುತ್ತಿದ್ದೆ. ಮೈದಾನದ ಅಂಚಿನಲ್ಲಿ ಕುರ್ಚಿ ಬಿಡಿಸಿ, ಅದರ ಎರಡೂ ಕೈಗಳಿಗೆ ಸೇರಿಸಿ ಸ್ಮಿತಾ ಬಿಳಿ ದಾರ ಕಟ್ಟಿದಳು. ಇದು ಯಾವ ಶಾಸ್ತ್ರದಲ್ಲೂ ಇಲ್ಲ. ಸಕಾಲದ ಒಂದು ಹೊಲಿಗೆ ಇಷ್ಟು ಹೊಲಿಗೆ ಉಳಿಸುತ್ತದೆ ಎಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ಏಳೋ ಒಂಬತ್ತೋ ಮರೆತಿದ್ದೇನೆ. ಹೊತ್ತು ಮೀರಿ ಬಿಚ್ಚಿದ ಗಂಟಿಗೆ ಏನು ಲೆಕ್ಕವೋ ಅವರು ಹೇಳಿಕೊಟ್ಟಿರಲಿಲ್ಲ.

ಕೈಲಾಸ ದಿಬ್ಬದ ಮೇಲೆ ನಿಂತು ನಮ್ಮತ್ತ ನೋಡಿದ. ನಾನು ಮಂಡಿಯೂರಿ ಗಂಟಿಗೆ ಕೈ ಹಾಕಿದೆ. ಈ ಕಟ್ಟಿಗೆ ಬೆರಳುಗಳಿಗೆ ಅದು ಬಗ್ಗಲಿಲ್ಲ. "ಬಿಟ್ಟುಬಿಡೇ ಇವಳೇ, ಹೋಗು" ಎಂದೆನೋ, ಅಂದುಕೊಂಡೆನೋ. ದಾರ ಎಳೆಯದೆಯೇ ಸಡಿಲವಾಗಿ ನನ್ನ ಅಂಗೈಗೆ ಬಿತ್ತು. ಬೆಚ್ಚಗಿತ್ತು. ಆಗ ಕಿವಿಯ ಪಕ್ಕದಲ್ಲೇ, ಲಟಲಟಲಟ.

"ಅಪ್ಪಾ, ನೀವಾ?" ಎಂದಳು ಸ್ಮಿತಾ. ನನ್ನ ಕೈಯಲ್ಲಿ ದಾರವಿತ್ತಲ್ಲವೇ.

ಕೈಲಾಸ ನಕ್ಕು ಎಸೆದ. ಚೆಂಡು ಕ್ಯಾಚರ್‌ನ ಕೈಗವಸಿನ ನಟ್ಟನಡುವೆ ಹೋಗಿ ಬಿದ್ದ ಸದ್ದು ನೀನು ಕೇಳಿರಬೇಕು. ಆಮೇಲಿನದನ್ನು ಕೇಳಿಲ್ಲ. ಯಾಕೆಂದರೆ ಆಟ ಮುಗಿದ ಮೇಲೆ ಅವನು ಬಂದು, "ಆಂಟಿ ಅರ್ಧಕ್ಕೇ ಎದ್ದು ಹೋದರಲ್ಲ, ಕೈಬೀಸಿ ಹೋದರು" ಎಂದ. ಆಗ ನಾವು ಅವನಿಗೆ ನಿಜ ಹೇಳಿದೆವು. ಅವನು ಬೇಲಿ ಹಿಡಿದುಕೊಂಡು ಅಲ್ಲೇ ಕೂತ. ಎಷ್ಟು ಹೊತ್ತಾದರೂ ಆ ಕುರ್ಚಿಯತ್ತ ತಿರುಗಲಿಲ್ಲ.

ಒಂದು ಪಂದ್ಯವನ್ನೂ ಅರ್ಧಕ್ಕೆ ಬಿಟ್ಟವಳಲ್ಲ ನೀನು. ಅದಕ್ಕೇ ಈ ಕಾಗದ. ಗೆದ್ದೆವು ಕಣೇ, ಒಂದೇ ಒಂದು ರನ್ನಿನಲ್ಲಿ. ಕೊನೆಯ ಚೆಂಡೂ ಕೈಲಾಸನದೇ. ಮುಂದಿನ ಬೇಸಿಗೆಗೆ ನಾನು ಒಂದೇ ಕುರ್ಚಿ ಒಯ್ಯುತ್ತೇನೆ, ನೀನು ಬರಬೇಡ. ಅವನಿಗೆ ದೃಷ್ಟಿ ನಾನೇ ತೆಗೆಯುತ್ತೇನೆ. ದಿನಾ ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ಸಂಜೆ ಬಾಲ್ಕನಿಯಲ್ಲಿ ಒಂದು ಬೆರಳು ಲಟ್ ಎಂದಿತು. ಅದು ನನ್ನದೇ ಬೆರಳು ಎಂದು ನಂಬಿದ್ದೇನೆ.

ನಿನ್ನ
ಕಟ್ಟಿಗೆ ಬೆರಳಿನವನು