ಬೆನ್ನಿಗೆ ಕಟ್ಟಿದ ಕನ್ನಡಿ

ನ್ಯಾಮತಿಯ ದೊಡ್ಡಪ್ಪನಿಗೆ ಮೆಕ್ಸಿಕೋದಿಂದ ಸಂಧ್ಯಾ ಮಾಡುವ ನಮಸ್ಕಾರ.

ಇಲ್ಲಿನ ಮ್ಯೂಸಿಯಮ್ಮಿನಲ್ಲಿ ಹಳೆಯ ಕಾಲದ ಮಾಯಾ ಜನಾಂಗದ ಯೋಧರ ವೇಷ ನೋಡಿಕೊಂಡು ಬಂದು ಹೆಬ್ಬೆರಳುದ್ದದ ಗೊಂಬೆಗೆ ಬಣ್ಣ ಹಾಕಿದೆ. ಅವರು ಬೆನ್ನಿಗೆ ಕನ್ನಡಿ ಕಟ್ಟಿಕೊಳ್ಳುತ್ತಿದ್ದರಂತೆ. ನಾನೂ ಗೊಂಬೆಯ ಬೆನ್ನಿಗೆ ಒಂದು ಚೂರು ಅಂಟಿಸಿದೆ. ಊರಮ್ಮನ ಮೂರ್ತಿಗೆ ಕಣ್ಣು ಬರೆಯುವಾಗ ನೀವು, "ಮೊದಲ ನೋಟ ಕನ್ನಡಿಗೇ ಬೀಳಬೇಕವ್ವ, ಮನುಷ್ಯರ ಮೇಲೆ ಬೀಳಾಕೆ ಬಿಡಬಾರದು" ಅನ್ನುತ್ತಿದ್ದಿರಿ. ಕನ್ನಡಿ ಐತಲ್ಲ ಎಂದು ಕಣ್ಣು ಬರೆದೇಬಿಟ್ಟೆ. ಅದು ಇದ್ದದ್ದು ಬೆನ್ನಿಗೆ, ಎದುರಿಗಿದ್ದವಳು ನಾನು.

ಅಂದಿನಿಂದ ನನಗೆ ಕಣ್ಣುರಿ, ಡಾಕ್ಟರು ಡ್ರಾಪ್ಸ್ ಕೊಟ್ಟಿದ್ದಾರೆ. ಗೊಂಬೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ಆದರೂ ಅದರ ಬೆನ್ನಿನ ಕನ್ನಡಿಯಲ್ಲಿ ಕಾಣುವುದು ನನ್ನ ಕಣ್ಣಲ್ಲ, ನಾನು ಬರೆದ ಕಣ್ಣು.

ಬೇಗ ಬರೀರಿ. ಕಣ್ಣು ತೆರೆಸೋದು ಕಲಿಸಿದ್ರಿ ದೊಡ್ಡಪ್ಪ, ಮುಚ್ಚಿಸೋದು ಹೆಂಗೆ?